ಬೂದು ಬಣ್ಣದ್ದನ್ನು ಬಿಟ್ಟು

ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿ ಮತ್ತೊಂದು ಬೂದು ಚೌಕ, ಮರುದಿನಕ್ಕೂ ಒಂದು, ಅದರ ಮರುದಿನಕ್ಕೂ — ಹಸಿರು ಮಗಳ ಶಾಲೆಯದ್ದು, ನೀಲಿ ಡಾಕ್ಟರದ್ದು, ಹಳದಿ ತನ್ನ ಅಕ್ಕನ ಮನೆಗೆ ಹೋಗುವುದು, ಇಷ್ಟನ್ನು ಬಾಯ್ತುಂಬ ವಿವರಿಸಿದ ಹೆಂಡತಿ ಬೂದು ಬಣ್ಣಕ್ಕೆ ಬಂದಾಗ ಮಾತ್ರ ಮುಖ ಕಾಣದ ಹಾಗೆ ಬಗ್ಗಿ ಚಪ್ಪಲಿ ಹಾಕಿಕೊಂಡಳು, ರೀ, ಬೂದು ಬಣ್ಣದ್ದನ್ನ ಬಿಟ್ಟು ಮಿಕ್ಕಿದ್ದೆಲ್ಲ ನನ್ನ ಫೋನಿನ ಹೊಸ ಕ್ಯಾಲೆಂಡರಿಗೆ ಹಾಕಿಬಿಡಿ, ಬೂದು ಎಲ್ಲ ಆಫೀಸಿಂದು. ಸೋಮವಾರದಿಂದ ಹೊಸ ಕೆಲಸ, ಹಳೆ ಆಫೀಸಿನ ಕ್ಯಾಲೆಂಡರ್ ಇವತ್ತು ಸಂಜೆಗೆ ಮುಚ್ಚುತ್ತದೆ, ಅವರ ಫೋನನ್ನು ನಿನ್ನೆಯೇ ಒಪ್ಪಿಸಿ ಬಂದಿದ್ದಾಳೆ, ಎಲ್ಲ ಸರಿ, ಆದರೆ ಆಫೀಸಿನದ್ದು ಭಾನುವಾರ ಯಾಕಿರಬೇಕು? ಮಗಳಿಗೆ ಜ್ವರ ಬಂದು ಇವಳು ರಜ ಹಾಕಿ ಮನೆಯಲ್ಲಿದ್ದಳಲ್ಲ, ಆ ವಾರವೂ ಬೂದು. ನಾನೇನು ಅನುಮಾನದ ಮನುಷ್ಯನಲ್ಲ, ಏನದು ಆಫೀಸಿಂದು ಎಂದು ಸುಮ್ಮನೆ ಕೇಳಿದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೈಚೀಲ ಮುಟ್ಟಿ ನೋಡಿಕೊಂಡಳು, ಬೀಗದ ಕೈ ಇದೆಯಾ ಅಂತ ನೋಡಿದೆ ಅಂದಳು, ಇರಬಹುದು, ಬೀಗದ ಕೈಯೇ ಇರಬಹುದು, ಮಗಳನ್ನು ಕರೆದುಕೊಂಡು ಹೊರಟೂ ಹೋದಳು. ಆ ಬೋಳುತಲೆ ಮ್ಯಾನೇಜರೇ? ಅವನ ಜೋಕಿಗೆ ಇವಳು ನಕ್ಕದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನಗು ಬರುವ ಜೋಕೂ ಅಲ್ಲ ಅದು. ಸಂಜೆ ಮಾಯವಾದರೆ ಆಮೇಲೆ ಯಾರನ್ನು ಕೇಳಲಿ, ಎಲ್ಲವನ್ನೂ ಆಯ್ದು ಒಂದೇ ಏಟಿಗೆ ಹೊಸದಕ್ಕೆ ಸಾಗಿಸಿದೆ, ಬೂದೂ ಸೇರಿ, ನಿಧಾನವಾಗಿ ಬಿಡಿಸಿ ನೋಡಿ ಆಮೇಲೆ ಅಳಿಸಿದರಾಯಿತು, ಯಾರಿಗೆ ಗೊತ್ತಾಗುತ್ತದೆ.

ಬಿಡಿಸಿದೆ. ಇವರಿಗೆ ಫೋನ್. ಕೆಳಗೆ ಸಣ್ಣಕ್ಷರದಲ್ಲಿ — ಎಲ್ಲಿದ್ದೀನಿ, ಯಾರ ಜೊತೆ, ಅವರು ಕೇಳೋಕೆ ಮುಂಚೆ ಹೇಳಿಬಿಡಬೇಕು, ಊಟ ಆಯ್ತಾ ಅಂತ ಕೇಳಬೇಕು. ಪ್ರತಿದಿನ, ಊಟದ ಹೊತ್ತಿಗೆ, ಅಲಾರಂ ಇದೆ, ಕೊನೆಯ ದಿನಾಂಕ ಇಲ್ಲ. ಇವರು ಅಂದರೆ ನಾನು. ಇನ್ನೊಂದನ್ನು ಬಿಡಿಸಿದೆ, ಅದೇ, ಮತ್ತೊಂದು, ಅದೇ, ಹಿಂದಕ್ಕೆ ಹೋದೆ, ಮೊದಲನೆಯ ಬೂದು ಹೋದ ವರ್ಷ ಅವಳ ಆಫೀಸಿನಲ್ಲಿ ಯಾರದೋ ಬೀಳ್ಕೊಡುಗೆ ಪಾರ್ಟಿ ಇತ್ತಲ್ಲ, ಅದರ ಮರುದಿನದ್ದು, ಆ ರಾತ್ರಿ ಅವಳ ಫೋನ್ ಸಿಗದೆ ನಾನು ಅವಳ ಅಕ್ಕನಿಗೆ, ಮ್ಯಾನೇಜರಿಗೆ, ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ ಎಲ್ಲಿದ್ದಾಳೆ, ಯಾರ ಜೊತೆ ಇದ್ದಾಳೆ ಎಂದು ವಿಚಾರಿಸಿದ್ದೆನಲ್ಲ, ಕಾಳಜಿಗೆ ವಿಚಾರಿಸಿದ್ದು, ಇನ್ನೇನಕ್ಕೆ, ಮರುದಿನದಿಂದ ತಪ್ಪದೆ ಫೋನ್, ಊಟ ಆಯ್ತಾ, ನನ್ನನ್ನು ಕೇಳದೆ ಒಂದು ತುತ್ತು ಎತ್ತುವುದಿಲ್ಲ ಕಣಯ್ಯ ಎಂದು ಷಡ್ಡಕನ ಮುಂದೆ ಕೊಚ್ಚಿಕೊಂಡಿದ್ದೆ, ಪುಣ್ಯವಂತ ಬಿಡಪ್ಪ ಎಂದಿದ್ದ ಅವನು. ಅಲಾರಂ ಹೊಡೆದಾಗ ಕೇಳುತ್ತಿದ್ದಳು. ಆ ಕೆಲಸ ಬಿಡುವಾಗ ಇದನ್ನೂ ಅಲ್ಲೇ ಬಿಟ್ಟು ಬರಬೇಕೆಂದುಕೊಂಡಿದ್ದಾಳೆ — ಅಳಿಸಬೇಕು, ಅವಳು ನೋಡುವುದರೊಳಗೆ ಅಳಿಸಬೇಕು, ಇದೊಂದನ್ನೇ ಅಳಿಸಬೇಕೋ ಮುಂದಿನವನ್ನೆಲ್ಲವೋ ಎಂದು ಕೇಳುತ್ತಿದೆ, ಮುಂದಿನವನ್ನೆಲ್ಲ ಎಂದು ಒತ್ತಲು ಬೆರಳು ಏಳುತ್ತಿಲ್ಲ, ನಾಳೆ ಫೋನೇ ಬರದಿದ್ದರೆ ಅವಳು ಎಲ್ಲಿದ್ದಾಳೆಂದು ನನಗೆ ಹೇಗೆ ಗೊತ್ತಾಗಬೇಕು, ಫೋನ್, ಅವಳದೇ.

ಅಲಾರಂ ಹೊಡೀತು ರೀ, ಅಂದಳು. ಆಮೇಲೆ ದಿನಾ ಕೇಳುವ ಅದೇ ದನಿ, ಚಪ್ಪಲಿ ಅಂಗಡೀಲಿದ್ದೀನಿ, ಮಗಳ ಜೊತೆ, ಇನ್ಯಾರೂ ಇಲ್ಲ, ಊಟ ಆಯ್ತಾ? ಆಯ್ತು ಎಂದೆ, ಆಗಿರಲಿಲ್ಲ, ಕಣ್ಣೆದುರು ನಾಳೆಯ ಚೌಕ, ಬೂದು, ನಾಡಿದ್ದು, ಬೂದು, ತಿಂಗಳು ತಿರುಗಿಸಿದೆ, ಬೂದು, ವರ್ಷ ತಿರುಗಿಸಿದೆ, ಬೂದು