ಅಂಟಿನ ದ್ವೀಪಕ್ಕೆ ಬಂದ ಬೀಗಿತ್ತಿ

ಆರ್ಗಿರೋ ಅತ್ತೆ ಒಪ್ಪದೆ ಇಸಿದೋರಾಳ ಮದುವೆ ನಡೆಯುವ ಹಾಗಿರಲಿಲ್ಲ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಈ ಸೋದರತ್ತೆಯೇ. ಹುಡುಗ ತಾರಿಕ್ ಎದುರು ದಡದ ತುರ್ಕಿಯವನು. ಅದಕ್ಕೂ ಅತ್ತೆ ಹೇಗೋ ಮನಸ್ಸು ಹದ ಮಾಡಿಕೊಂಡಿದ್ದಳು. ಆದರೆ ಆ ಜನ ನಮ್ಮ ದ್ವೀಪಕ್ಕಿಟ್ಟ ಹೆಸರು ಮಾತ್ರ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗ್ರೀಕರಾದ ನಮಗೆ ಇದು ಖಿಯೋಸ್. ಅವರಿಗೆ ಸಕಿಜ್, ಅಂದರೆ ನಮ್ಮ ಮರಗಳಿಂದ ಒಸರುವ ಅಂಟು. ಹಿಮದಂಥ ದೇವಕನ್ನೆಯ ಹೆಸರು ಅಂತ ನಮ್ಮ ಮೇಷ್ಟ್ರು ಹೇಳಿದ ಊರನ್ನು ಇವರು ಬಾಯಲ್ಲಿ ಹಾಕಿಕೊಂಡು ಜಗಿಯುವ ಅಂಟು ಅನ್ನುವುದೇ ಅಂತ ವಾರವೆಲ್ಲ ಗೊಣಗಿದಳು.

ತಾರಿಕ್‌ನ ತಾಯಿ ಫೆರಿಹಾ ಬಂದ ದಿನ ನಾವು ಆರು ಹೆಂಗಸರು ನಮ್ಮ ಮನೆಯ ಮೇಜಿನ ಸುತ್ತ ಕೂತು, ಮರದಿಂದ ಇಳಿದ ಅಂಟಿನ ಹನಿಗಳ ಮಣ್ಣನ್ನು ಚಾಕುವಿನಿಂದ ಕೆರೆಯುತ್ತಿದ್ದೆವು. ಚಳಿಗಾಲವೆಲ್ಲ ನಮಗೆ ಅದೇ ಕೆಲಸ. ತನ್ನ ಅಜ್ಜಿ ಕ್ರೀಟ್ ದ್ವೀಪದವಳಾದ್ದರಿಂದ ಫೆರಿಹಾಳಿಗೆ ನಮ್ಮ ಗ್ರೀಕ್ ಮಾತು ಬರುತ್ತಿತ್ತು. ಕಾಫಿ ಬೇಡ, ಚಾಕು ಕೊಡಿ ಅಂದಳು. ಅತ್ತೆ ಬೇಕಂತಲೇ ಇದ್ದುದರಲ್ಲಿ ಮೊಂಡಾದದ್ದನ್ನು ಕೊಟ್ಟಳು. ಫೆರಿಹಾ ಕೆರೆದಳು. ಜಗಿಯಲು ಒಂದು ತುಣುಕು ಎತ್ತಿಕೊಂಡಾಗ, ನಾವೆಲ್ಲ ಮಾಡುವಂತೆ, ಮಾರಾಟಕ್ಕೆ ಹೋಗುವ ಬೆಳ್ಳನೆಯದನ್ನು ಬಿಟ್ಟು ಮಣ್ಣು ಹತ್ತಿದ್ದನ್ನೇ ಆರಿಸಿದಳು. ಅತ್ತೆ ಅದನ್ನು ಓರೆಗಣ್ಣಲ್ಲಿ ನೋಡಿದಳು.

ಆದರೂ ಕೇಳಿಯೇ ಬಿಟ್ಟಳು: "ನಮ್ಮೂರಿಗೆ ನೀವೇನಂತೀರಮ್ಮ?"

ಚಾಕುಗಳು ನಿಂತವು. ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದ ಇಸಿದೋರಾ ತಿರುಗಲೇ ಇಲ್ಲ.

"ಸಕಿಜ್ ಅಂತೀವಿ. ಇನ್ನೇನನ್ನೋಣ ಅಕ್ಕ? ನಿಮ್ಮ ದೇವಕನ್ನೆ ಯಾರೋ ನಮಗೆ ಗೊತ್ತಿಲ್ಲ. ನೀವಿಲ್ಲಿ ಉಗುರು ಸವೆಸಿ ಕೆರೆದ ಅಂಟೇ ನಮ್ಮನೆ ಪಾಯಸಕ್ಕೆ ಘಮ ಕೊಡುತ್ತೆ. ನಮಗೆ ಗೊತ್ತಿರೋದು ನಿಮ್ಮ ಕೆಲಸ ಒಂದೇ."

ಅತ್ತೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಐವತ್ತು ವರ್ಷದ ಕೆರೆತಕ್ಕೆ ತುದಿ ಚಪ್ಪಟೆಯಾದ ಬೆರಳುಗಳು. ಆಮೇಲೆ, ನಮ್ಮ ಊರಿನ ಹೆಸರಿಗೆ ಗಂಡಸರ ಹೆಸರಿನ 'ಓಸ್' ಬಾಲವಿದ್ದರೂ ನಾವು ಅವಳು ಅಂತಲೇ ಕರೆಯುತ್ತೇವೆ, ಯಾಕೆಂದು ಮೇಷ್ಟ್ರಿಗೂ ತಿಳಿಯದು ಅಂತ ಮೆತ್ತಗೆ ಮಾತು ತೆಗೆದಳು. ತಮ್ಮ ತುರ್ಕಿ ಮಾತಿನಲ್ಲಿ ಆ ರಗಳೆಯೇ ಇಲ್ಲ, ಅವನಿಗೂ ಅವಳಿಗೂ ಒಂದೇ ಮಾತು ಅಂದಳು ಫೆರಿಹಾ.

"ಮತ್ತೆ ಬೈಯುವಾಗ ಯಾರನ್ನ ಬೈತಿದೀರಿ ಅಂತ ಹೆಂಗೆ ಗೊತ್ತಾಗುತ್ತೆ?" ಅತ್ತೆ ಕೇಳಿದಳು.

"ಗಂಡನಿಗೆ ಗೊತ್ತಾಗುತ್ತೆ."

ಮೇಜೆಲ್ಲ ನಗು. ಅತ್ತೆ ನಗುತ್ತಲೇ ಫೆರಿಹಾಳ ಕೈಯಿಂದ ಮೊಂಡು ಚಾಕು ಕಿತ್ತುಕೊಂಡು, ಯಾರಿಗೂ ಮುಟ್ಟಗೊಡದ ತನ್ನ ಚಾಕುವನ್ನು ಅವಳ ಮುಂದಿಟ್ಟಳು.

"ಇದರಲ್ಲಿ ಕೆರಿ, ಬೀಗಿತ್ತಿ."

ಒಲೆಯ ಮೇಲಿನ ಹಾಲು ಅಷ್ಟೂ ಉಕ್ಕಿಹೋಯಿತು. ಇಸಿದೋರಾಳನ್ನು ಯಾರೂ ಬೈಯಲಿಲ್ಲ.