ಹಿರೇಮದ್ದಿನ ತಾಯಿನೀರು

ಬೆಳಗೊಳದ ನಾಲೆ ಪಕ್ಕದ ಔಷಧಿ ಗಿಡಗಳ ನರ್ಸರಿಯಲ್ಲಿ ಮಾದಮ್ಮ ಎಂಟು ವರ್ಷ ದಿನಗೂಲಿ ಮಾಡಿದ್ದಳು. ತೊಂಬತ್ತನಾಲ್ಕನೇ ಇಸವಿಯ ಬೇಸಿಗೆ ಕಳೆದರೆ ಕೆಲಸ ಖಾಯಂ ಆಗುವುದಿತ್ತು. ಅದಕ್ಕೆ ಬೇಕಾಗಿದ್ದು ಸಂಶೋಧಕ ಶಿವಶಂಕರನ ಒಂದು ಸಾಲಿನ ಶಿಫಾರಸು. ಎಂಟು ವರ್ಷ ಬೆನ್ನು ಬಗ್ಗಿಸಿದವಳ ಬದುಕು ಒಂದು ಸಾಲಿಗೆ ನೇತಾಡುತ್ತದೆ ಎಂದರೆ ಹಣೆಬರಹ ಬರೆಯುವವನಿಗೂ ನಾಚಿಕೆಯಾಗಬೇಕು.

ಶಿವಶಂಕರ ಕೆಟ್ಟವನೇನಲ್ಲ, ಹಟದವನು. ಗಿಡದ ಬೇರಿನೊಳಗೆ ಕಣ್ಣಿಗೆ ಕಾಣದ ಬೂಷ್ಟು ವಾಸವಾಗಿರುತ್ತದೆ, ಅದು ರೋಗ ತರುವುದಿಲ್ಲ, ಬದಲಿಗೆ ಗಿಡಕ್ಕೆ ಬಿಸಿಲು ತಡೆಯುವ ತ್ರಾಣ ಕೊಡುತ್ತದೆ ಎಂದು ತೋರಿಸಬೇಕಿತ್ತು ಅವನಿಗೆ. ಬಿಂಡಿಗನವಿಲೆಯ ಕಲ್ಲುಗುಡ್ಡದ ಹಿರೇಮದ್ದಿನ ಬೇರಿನಿಂದ ಅಂಥದೊಂದನ್ನು ತೆಗೆದು ಸೀಸೆಯಲ್ಲಿ ಬೆಳೆಸಿದ್ದ. ಪಂಡಿತರು ಅಶ್ವಗಂಧ ಎನ್ನುತ್ತಾರಲ್ಲ, ಅದೇ ಗಿಡ. ನರ್ಸರಿಯ ಸಸಿಗಳನ್ನು ಎರಡು ಪಾಲು ಮಾಡಿದ. ಕೆಂಪು ದಾರ ಕಟ್ಟಿದವಕ್ಕೆ ಬೂಷ್ಟಿನ ನೀರು, ಬಿಳಿ ದಾರದವಕ್ಕೆ ಬರೀ ನೀರು. ಎಲ್ಲವನ್ನೂ ಅದೇ ಗುಡ್ಡದಲ್ಲಿ ನೆಟ್ಟು ಬಿಸಿಲಿಗೆ ಬಿಡುವುದು. ಬಿಳಿಯವು ಸತ್ತು ಕೆಂಪಿನವು ಬದುಕಿದರೆ ಅವನು ಗೆದ್ದಂತೆ.

ಮಾದಮ್ಮ ಬಿಂಡಿಗನವಿಲೆಯ ಸೊಸೆ. ಗಂಡ ತೀರಿದ ಮೇಲೆ ತವರಾದ ಬೆಳಗೊಳಕ್ಕೆ ಬಂದವಳು. ಅವಳ ಅತ್ತೆ ಚಿಕ್ಕಬೋರಮ್ಮ ಗುಡ್ಡದ ಹಳೇ ಬೇರನ್ನು ಜಜ್ಜಿ, ನೀರಿಗೆ ಹಿಂಡಿ, ಕುಡಿಸದೆ ಒಂದು ಸಸಿಯನ್ನೂ ನೆಟ್ಟವಳಲ್ಲ. ಅದಕ್ಕೆ ತಾಯಿನೀರು ಎಂದು ಹೆಸರು. “ತಾಯಾಲು ಕಾಣದ ಕೂಸು ಬಿಸ್ಲು ತಡ್ದಾತಾ?” ಎನ್ನುತ್ತಿದ್ದಳು. ಬಿಳಿ ದಾರದ ಸಸಿಗಳನ್ನು ನೋಡಿ ಮಾದಮ್ಮನ ಕರುಳು ಚುರುಕ್ ಎಂದಿತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದರೆ ಹೆತ್ತವಳು ಹೇಗೆ ಒಪ್ಪಿಯಾಳು? ಗುಡ್ಡದ ಬೇರು ತರಿಸಿ, ಜಜ್ಜಿ, ಅವಕ್ಕೂ ಕುಡಿಸಿಬಿಟ್ಟಳು.

ಏಪ್ರಿಲ್‌ನಲ್ಲಿ ಇಬ್ಬರೂ ಗುಡ್ಡ ಹತ್ತಿ ನೋಡಿದರೆ ಎರಡು ಪಾಲೂ ಹಸಿರು. ಬಿಳಿಯವು ಒಂದು ಕೈ ಮೇಲೇ. ಶಿವಶಂಕರ ತಲೆ ಹಿಡಿದುಕೊಂಡು ಬಂಡೆಯ ಮೇಲೆ ಕೂತು ಅತ್ತೇಬಿಟ್ಟ.

“ಮೂರು ವರ್ಷ ನೀರಲ್ಲಿ ಹೋಯ್ತು ಮಾದಮ್ಮ. ಬೂಷ್ಟಿಂದ ಏನೂ ಆಗಲ್ಲ. ಸೀಸೆಗಳನ್ನೆಲ್ಲ ಸುಟ್ಟುಬಿಡ್ತೀನಿ.”

ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಅವಳದೇ. ಆದರೆ ಗಂಡಸು ಅಳುವುದನ್ನು ನೋಡಲಾಗಲಿಲ್ಲ.

“ನಿಮ್ ಬೂಷ್ಟು ಸುಳ್ಳಲ್ಲ ಸಾ. ಬೇರೊಳ್ಗಿರೋದೂ ಅದೇ ಬೂಷ್ಟಲ್ವಾ? ಬಿಳೀವ್ಕೂ ನಾನೇ ಬೇರ್ ಜಜ್ಜಿ ತಾಯ್ನೀರು ಕುಡ್ಸ್‌ಬುಟ್ಟೆ. ತೆಪ್ಪಾಯ್ತು.”

ಅವನು ಬಯ್ಯಲಿಲ್ಲ. ಎಷ್ಟು ಬೇರು, ಎಷ್ಟು ನೀರು, ಎಷ್ಟು ದಿನ ಎಂದು ಮೂರು ಸಲ ಕೇಳಿ ಬರೆದುಕೊಂಡ. ಮಾರನೇ ವಾರ ಶಿಫಾರಸಿನ ಸಾಲನ್ನೂ ಬರೆದ, ಗುಮಾಸ್ತ ಅದನ್ನು ಅವಳಿಗೆ ಓದಿ ಹೇಳಿದ: ‘ಹೇಳಿದಂತೆ ಕೆಲಸ ಮಾಡುವವಳಲ್ಲ.’ ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ. ನಿಜ, ಸತ್ತದ್ದು ಮಾದಮ್ಮನ ಕೆಲಸ ಮಾತ್ರ.

ಅವಳು ಬಿಂಡಿಗನವಿಲೆಗೆ ಮರಳಿ ಕುರಿ ಕಾದಳು. ಇತ್ತ ಸೀಸೆಯ ಬೂಷ್ಟಿಗಿಂತ ಮೇಲೆನಿಸಿದ ಬೇರಿನ ನೀರು ಶಿವಶಂಕರನ ಹೊಸ ವಿಧಾನವಾಯಿತು. ಮೈಸೂರಿನಲ್ಲಿ ಅವನಿಗೆ ಶಾಲು, ಹಾರ, ಪೇಪರಿನಲ್ಲಿ ಫೋಟೋ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಎರಡು ವರ್ಷದ ಮೇಲೆ ಅವನ ಜೀಪು ಅವಳ ಮನೆ ಮುಂದೆ ನಿಂತಿತು.

“ಮಾದಮ್ಮನೋರೆ,” ಎಂದ. ಎಂಟು ವರ್ಷದಲ್ಲಿ ಒಮ್ಮೆಯೂ ಕೇಳದ ‘ನೋರೆ’. “ಗುಡ್ಡದಲ್ಲಿ ಎರಡು ಎಕರೆ ನೆಟ್ಟಿದೀವಿ, ಎಲ್ಲ ಸುಟ್ಟುಹೋಗ್ತಾ ಇದೆ. ಸೋಮವಾರ ದೊಡ್ಡ ಸಾಹೇಬರು ನೋಡೋಕೆ ಬರ್ತಾರೆ. ನೀವು ಹೇಳಿದ ಹಾಗೇ ಬೇರು ಜಜ್ಜಿ ಹಾಕಿದ್ದೆ. ಏನು ತಪ್ಪಾಯ್ತು?”

ಅವನು ಕೊಟ್ಟ ಬೇರನ್ನು ಮಾದಮ್ಮ ಮುರಿದು ಮೂಸಿದಳು. ಮೂಲಂಗಿಯಂತೆ ಕೊಬ್ಬಿದ್ದ, ಬೆಳಗೊಳದ ಬೇರು. ನಾಲೆ ನೀರು ಕುಡಿದು ಬೆಳೆದುದರೊಳಗೆ ಬಿಸಿಲು ಉಂಡ ಬೂಷ್ಟು ಎಲ್ಲಿಂದ ಬರಬೇಕು? ಗುಡ್ಡ ಹತ್ತಿ ಹಳೇ ಬೇರು ಕೀಳಲು ಇವನಿಗೆ ಸೋಮಾರಿತನ. ಗುಡ್ಡದ ಬೇರಿನ ನೀರು ನಾಳೆಯೇ ಹಾಕಿದರೆ ಅರ್ಧವಾದರೂ ಉಳಿದಾವು ಎಂದು ಅವಳಿಗೆ ತಿಳಿದಿತ್ತು.

“ನಾನು ಏಳ್ದಂಗೆ ಕೆಲ್ಸ ಮಾಡೋಳಲ್ವಲ್ಲ ಸಾ,” ಎಂದಳು. “ನನ್ನೇನ್ ಕೇಳ್ತೀರಿ?”

ಜೀಪು ಹೋಯಿತು. ಎದುರಿನ ಗುಡ್ಡದಲ್ಲಿ ಸಸಿಗಳು ಕತ್ತು ಬಗ್ಗಿಸಿ ನಿಂತಿದ್ದವು. ಅವು ಯಾರಿಗೂ ಏನೂ ಮಾಡಿರಲಿಲ್ಲ. ಅಂದಿನಂತೆಯೇ ಕರುಳು ಚುರುಕ್ ಎಂದಿತು. ಗುಡ್ಡದಿಂದ ತಂದ ಹಳೇ ಬೇರು ಸೂರಿನಲ್ಲೇ ಸಿಕ್ಕಿಸಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮಾದಮ್ಮ ಕೂತಲ್ಲಿಂದ ಕದಲಲಿಲ್ಲ.