ಅಳತೆ ಮೀರಿದ ಲಕೋಟೆ

ಸ್ಕೇಲನ್ನು ಅವನು ಮತ್ತೊಮ್ಮೆ ಇಟ್ಟು ನೋಡಿದ. ಉದ್ದ, ಅಗಲ, ದಪ್ಪ ಮೂರೂ ಕೂಡಿ ತೊಂಬತ್ತು ಸೆಂಟಿಮೀಟರು ದಾಟಬಾರದು. ಈ ಲಕೋಟೆ ದಾಟಿತ್ತು. ತೂಕದ್ದೇನೂ ತಕರಾರಿರಲಿಲ್ಲ, ಅಷ್ಟು ದೊಡ್ಡದು ಇಷ್ಟು ಹಗುರವಾಗಿದ್ದುದೇ ಗುಮಾಸ್ತ ಕಾಟಲಿಂಗಪ್ಪನಿಗೆ ಕಿರಿಕಿರಿಯಾಯಿತು.

ಹೊಳಲ್ಕೆರೆ ಅಂಚೆ ಕಚೇರಿಯ ಕಿಟಕಿಯಾಚೆ ತಾಳ್ಯದ ಸಿದ್ದಕ್ಕ ನಿಂತಿದ್ದಳು. ಕುರಿ ಸಾಕುವ ಮನೆಯವಳು. ಗಂಡ ಬೀರಪ್ಪ ಸೈನ್ಯದಲ್ಲಿದ್ದ. ಯುದ್ಧ ಮುಗಿದಿದ್ದರೂ ರಜೆ ಸಿಕ್ಕಿರಲಿಲ್ಲ.

"ಹೋಗಲ್ಲಮ್ಮ. ರಟ್ಟು ತೆಗೀರಿ, ಇಲ್ಲಾ ಮಡಚಿ ತನ್ನಿ."

ಅವಳು ಕದಲಲಿಲ್ಲ.

"ಮಗ ಐತೆ ಸ್ವಾಮಿ ಅದ್ರಾಗೆ. ಹೆಂಗೆ ಮಡಚಲಿ?"

ಆಮೇಲೆ ತಡೆದು ತಡೆದು ಹೇಳಿದಳು. ಗಂಡ ಗಡಿಗೆ ಹೋದಮೇಲೆ ಹುಟ್ಟಿದ ಕೂಸು. ಜ್ವರ ಬಂದು ತೀರಿಕೊಂಡಿತು. ಮಣ್ಣು ಮಾಡುವ ಮುಂಚೆ ತೊಡೆಯ ಮೇಲೆ ಮಲಗಿಸಿಕೊಂಡು ಫೋಟೊ ತೆಗೆಸಿದ್ದಳು. ಅಪ್ಪ ಮಗನನ್ನು ಒಮ್ಮೆಯೂ ಕಂಡಿರಲಿಲ್ಲ. ಕೂಸು ಇದ್ದಷ್ಟೇ ಕಾಣಲೆಂದು ದೊಡ್ಡದು ಮಾಡಿಸಿದ್ದಳು. ಮುಖದ ಮೇಲೆ ಗೆರೆ ಬೀಳಬಾರದೆಂದು ಎರಡೂ ಕಡೆ ರಟ್ಟು.

ತತ್ವಶಾಸ್ತ್ರದ ಪರೀಕ್ಷೆಯಲ್ಲಿ ಸಾವಿನ ಬಗ್ಗೆ ಪುಟಗಟ್ಟಲೆ ಬರೆದು ಬಿ.ಎ. ಪಾಸಾದವನು ಕಾಟಲಿಂಗಪ್ಪ. ಈಗ ಅವನ ಕಣ್ಣು ಸೆಂಟಿಮೀಟರಿನ ಗೆರೆಗಳ ಮೇಲಿತ್ತು. ಗುಂಡಿ ತೋಡಿದವನೂ ಹೀಗೆಯೇ ಅಳೆದಿರಬೇಕು ಅನ್ನಿಸಿ ಸ್ಕೇಲನ್ನು ಕೆಳಗಿಟ್ಟ.

ಸರ್ವೀಸಿನಲ್ಲಿ ಮೊದಲ ಸಲ ನಿಯಮ ಮುರಿದ. ಸ್ಟಾಂಪು ಹಚ್ಚಿ, ಠಸ್ಸೆಯನ್ನು ಮೂಲೆಯಲ್ಲಿ ಮೆಲ್ಲಗೆ ಒತ್ತಿದ.

"ನಿಮಗೆ ಮಕ್ಳು ಅವಾ ಸ್ವಾಮಿ?"

"ಒಬ್ಬಳಿದ್ದಾಳೆ."

ಮಗಳು ತಾಯಿಯೊಂದಿಗೆ ಹಿರಿಯೂರಿನಲ್ಲಿ, ತಾಯಿಯ ತವರಿನಲ್ಲಿದ್ದಳು. ಸಿದ್ದಕ್ಕ ಹೋದಮೇಲೆ ಮಗಳ ಮುಖ ನೆನೆಯಲು ನೋಡಿದ. ಜಡೆ ನೆನಪಾಯಿತು, ಮುಖ ಬರಲಿಲ್ಲ. ಆದರೂ ಮಧ್ಯಾಹ್ನವಿಡೀ ಒಳ್ಳೆಯವನಾದ ಸಣ್ಣ ಹೆಮ್ಮೆ ಅವನ ಜೊತೆಗಿತ್ತು.

ಸಂಜೆ ಚಿತ್ರದುರ್ಗದ ಬಸ್ಸು ಬಂತು. ಚೀಲ ಕಟ್ಟುವ ಪ್ಯಾಕರ್ ರಜೆಯ ಮೇಲಿದ್ದ. ಕಾಟಲಿಂಗಪ್ಪನೇ ಟಪಾಲು ತುಂಬಿದ. ಚೀಲದ ಬಾಯಿ ಮುಚ್ಚಲಿಲ್ಲ. ಲಕೋಟೆಯನ್ನು ಹೊರಗೆ ತೆಗೆದು ನಾಳೆಗೆ ಇಡಬಹುದಿತ್ತು. ಡ್ರೈವರ್ ಒಂದೇ ಸಮನೆ ಹಾರನ್ ಒತ್ತುತ್ತಿದ್ದ.

ಅವನು ಚೀಲದ ಮೇಲೆ ಮೊಣಕಾಲೂರಿದ.

ಒಳಗೆ ಏನೋ ಲಟಕ್ಕೆಂದಿತು.

ಮೊಣಕಾಲು ತೆಗೆಯದೆ ದುಃಖಕ್ಕಾಗಿ ಕಾದ. ಅದು ಬರಲಿಲ್ಲ. ದಾರ ಬಿಗಿದು, ಅರಗು ಕರಗಿಸಿ, ಮುದ್ರೆಯೊತ್ತಿ ಚೀಲವನ್ನು ಕ್ಲೀನರನ ಕೈಗಿತ್ತ.

ಕ್ಲೀನರ್ ಅದನ್ನು ಬಸ್ಸಿನ ಮೇಲಕ್ಕೆ ಎಸೆದ. ಅಲ್ಲಿ ಯಾರೋ ಸಂತೆಯಲ್ಲಿ ಕೊಂಡಿದ್ದ ಕುರಿಮರಿಯೊಂದು ಕಾಲು ಕಟ್ಟಿಸಿಕೊಂಡು ಬಿದ್ದಿತ್ತು. ಬಸ್ಸು ಹೊರಡುವಾಗ ಅದು ಚೀಲವನ್ನೊಮ್ಮೆ ಮೂಸಿ, ಅದರ ಮೇಲೇ ತಲೆಯಿಟ್ಟು ಮಲಗಿತು.